ಆಗಿ ಬಾರದ ಕಲ್ಲು

ನನ್ನ ಬಿ.ಎಡ್. ಫೀಸಿಗೆಂದು ಅಮ್ಮ ತನ್ನ ವಜ್ರದ ಬೆಂಡೋಲೆ ಮಾರಿದ್ದಳು. ಕಡಬದ ಹೈಸ್ಕೂಲಿನಲ್ಲಿ ನನ್ನ ಕೆಲಸ ಕಾಯಂ ಆದ ಮೇಲೆ ನನಗೆ ಒಂದೇ ಹಟ, ಆ ಕಿವಿಗೆ ವಜ್ರ ವಾಪಸು ಬರಬೇಕು. ಹೊಸ ವಜ್ರ ಕಣ್ಣು ಚುಚ್ಚುತ್ತದೆ, ಬೇಡ ಎಂದಳು ಅಮ್ಮ. ಸರಿ, ಹಳೆಯದನ್ನೇ ಹುಡುಕಿದೆ.

ಪುತ್ತೂರಿನಲ್ಲಿ ಹಳೆಯ ಒಡವೆ ಮಾರುವ ಬ್ಯಾರಿ ಸಾಹೇಬರೊಬ್ಬರ ಬಳಿ ಏಳು ಕಲ್ಲಿನ ಜೋಡಿಯೊಂದು ಸಿಕ್ಕಿತು. ನಾನು ಗಣಿತದ ಟೀಚರು. ವಿಡಿಯೋ ನೋಡಿ ಕಲಿತ ಪ್ರಶ್ನೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮೊಬೈಲ್ ಟಾರ್ಚ್ ಬಿಟ್ಟೆ, ಭೂತಗನ್ನಡಿ ಹಿಡಿದೆ, ಹಿಂಬದಿ ಯಾಕೆ ಮುಚ್ಚಿದೆ ಎಂದು ಕೇಳಿದೆ.

"ಪರೀಕ್ಷೆ ಮುಗೀತಾ ಟೀಚರ್ರೆ? ನಾನು ಪಾಸಾ?" ಎಂದರು ಸಾಹೇಬರು. ಆಮೇಲೆ ಡಬ್ಬಿ ಕೈಗಿತ್ತು, "ಅಮ್ಮ ಮೂರು ದಿನ ಇಟ್ಟು ನೋಡ್ಲಿ. ಆಗಿ ಬಂದ್ರೆ ಮಾತ್ರ ದುಡ್ಡು" ಎಂದರು. ವಜ್ರ ಎಲ್ಲರಿಗೂ ಆಗಿ ಬರುವುದಿಲ್ಲ, ಕೆಲವರಿಗೆ ಕೆಡುಕು ಮಾಡುತ್ತದೆ ಎಂಬ ನಂಬಿಕೆ. ನನಗೆ ಒಳಗೊಳಗೇ ನಗು.

ಡಬ್ಬಿಯನ್ನು ಅಜ್ಜಾವರ ಊರಿನಲ್ಲಿರುವ ಅಮ್ಮನಿಗೆ ಕೊಟ್ಟು ಬಂದೆ. ಮೂರನೆಯ ದಿನ ಮತ್ತೆ ಹೋದರೆ ಅವಳು ಅದನ್ನು ಮುಂದಿಟ್ಟಳು. "ಇದು ಆಗಿ ಬರುದಿಲ್ಲ."

"ಎಂತ ಆಯ್ತು? ಬಿದ್ದೆಯಾ? ಜ್ವರ ಬಂತಾ?"

"ಎಂತದೂ ಇಲ್ಲ. ಆಗಿ ಬರುದಿಲ್ಲ, ಅಷ್ಟೆ."

ನನಗೆ ಪಿತ್ತ ನೆತ್ತಿಗೇರಿತು. ಮಗಳ ದುಡ್ಡು ಉಳಿಸಲು ಇವಳ ನಾಟಕ ಎಂದುಕೊಂಡು, ಒಡವೆ ವಾಪಸು ಕೊಡಲು ಇಬ್ಬರೂ ಹೊರಟಾಗ ಪುತ್ತೂರಿನವರೆಗೂ ಬಸ್ಸಿನಲ್ಲಿ ಜಗಳವಾಡಿದೆ. ಅಮ್ಮ ಕಿಟಕಿಯಾಚೆ ನೋಡುತ್ತ ಕಡಲೆ ತಿಂದಳು.

ಅಂಗಡಿಯಲ್ಲೂ ಅದೇ ಮಾತು ಹೇಳಿದಳು. ಸಾಹೇಬರು ಬೇಸರಿಸದೆ, ದನಿ ತಗ್ಗಿಸಿ ಕೇಳಿದರು: "ಯಾವ ಕಲ್ಲಮ್ಮಾ, ಆಗಿ ಬಾರದ್ದು?"

"ಎಡದ್ದರಲ್ಲಿ, ನಡುವಿನದ್ದರ ಕೆಳಗಿನದ್ದು. ಉಸಿರು ಬಿಟ್ರೆ ಬಾಕಿ ಕಲ್ಲಿನ ಮಂಜು ಕೂಡ್ಲೇ ಹೋಗ್ತದೆ. ಅದರದ್ದು ಮಾತ್ರ ನಿಲ್ತದೆ."

ಸಾಹೇಬರು ಉಸಿರು ಬಿಟ್ಟು ನೋಡಿ ತಲೆ ಕೆರೆದುಕೊಂಡರು. "ಗಾಜು ಮಾರಾಯ್ರೆ. ಕಲ್ಲು ಬಿದ್ದಾಗ ಹಿಂದಿನವರು ಹಾಕಿಸಿದ್ದಿರ್ಬೇಕು. ನನಗೂ ಗೊತ್ತಾಗ್ಲಿಲ್ಲ ನೋಡಿ." ಅದೇ ಹಳೆಯ ಕಟಿಂಗಿನ ವಜ್ರ ಕೂರಿಸಿ ಕೊಡುವುದಾಗಿ ಒಪ್ಪಿಕೊಂಡರು. 'ಆಗಿ ಬರುದಿಲ್ಲ' ಎಂಬುದು ಮಾರುವವರ ಮರ್ಯಾದೆ ಕಳೆಯದೆ ಒಡವೆ ವಾಪಸು ಕೊಡಲಿಕ್ಕೆ ನಮ್ಮ ಹೆಂಗಸರು ಇಟ್ಟುಕೊಂಡ ಮಾತು ಎಂದು ನನಗೆ ಆಗ ಹೊಳೆಯಿತು. ನಾಚಿಕೆಯೂ ಆಯಿತು, ನಗುವೂ ಬಂತು.

ವಾರದ ನಂತರ ಅಮ್ಮ ಅಂಗಡಿಯಲ್ಲೇ ಹದಿನಾಲ್ಕು ಕಲ್ಲಿಗೂ ಉಸಿರು ಬಿಟ್ಟು ನೋಡಿ, ಬೆಂಡೋಲೆ ಹಾಕಿಕೊಂಡಳು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಬಸ್‌ಸ್ಟ್ಯಾಂಡಿನಲ್ಲಿ, "ಈ ವಿದ್ಯೆ ಎಲ್ಲಿ ಕಲಿತದ್ದು?" ಎಂದು ಕೇಳಿದೆ.

"ನಿನ್ನ ಫೀಸಿಗೆ ಮಾರ್ಲಿಕ್ಕೆ ಹೋದಾಗ ಅಂಗಡಿಯವ ತೋರಿಸಿದ. ನನ್ನ ಮದುವೆಗೆ ನಿನ್ನ ಅಜ್ಜ ಆಸೆಪಟ್ಟು ತಂದದ್ದು, ಎಲ್ಲ ಗಾಜು. ಚಿನ್ನದ ಕ್ರಯ ಮಾತ್ರ ಸಿಕ್ಕಿತು, ಫೀಸಿಗೆ ಕಮ್ಮಿ ಬಿದ್ದದ್ದಕ್ಕೆ ಬಳೆಯನ್ನೂ ಮಾರಿದೆ. ಅಜ್ಜನಿಗೆ ಕಡೆವರೆಗೂ ಹೇಳ್ಲಿಲ್ಲ."

ಆಮೇಲೆ ಕಿವಿಯ ಮೇಲಿನ ಕೂದಲು ಹಿಂದೆ ಸರಿಸಿ, "ವಜ್ರ ಹಾಕುದು ನಾನು ಇವತ್ತೇ ಮೊದಲು" ಎಂದಳು.