ನಮ್ಮ ಮಾಳಿಗೆಯ ಧೂಳು ಅಳೆಯುವ ಮಷಿನ್

ಗೆಳೆಯರೇ, ಕಾರ್ಖಾನೆ ಸೇರಿದಾಗಿನಿಂದ ಕಾಡುವ ಕೆಮ್ಮನ್ನು ಅವ್ವನಿಗೆ ಹೇಳದೆ ಮುಚ್ಚಿಟ್ಟಿದ್ದೆ. ಊರಿನ ಧೂಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಶ್ವವಿದ್ಯಾಲಯದವರು ನಮ್ಮ ಮಾಳಿಗೆಯ ಮೇಲೂ ಮಷಿನ್ ಇಟ್ಟಿದ್ದರು. ಧೂಳಿನಿಂದ ಬಂತೆಂದರೆ ಕಾರ್ಖಾನೆಯ ಮೇಸ್ತ್ರಿ ನಂಬದ ನನ್ನ ಕೆಮ್ಮಿಗೆ ಅದೇ ಸಾಕ್ಷಿ ಎಂದುಕೊಂಡಿದ್ದೆ.

ಇಂದು ಅವರ ಮೇಡಂ ಬಂದು ಲ್ಯಾಪ್‌ಟಾಪ್ ತೋರಿಸಿದರು. "ಇಡೀ ಗಿಣಿಗೇರಾದಲ್ಲಿ ನಿಮ್ಮ ಮನೆಯ ಗಾಳಿಯೇ ಶುದ್ಧ."

"ಸಾಲಿ ಬಿಟ್ಟಾಂವ ಅಂತ ಟೋಪಿ ಹಾಕ್ತೀರೇನ್ರಿ? ಕಾರ್ಖಾನಿಯವರು ಏನ್ ಕೊಟ್ಟಾರ?" ಎಂದೆ.

"ಗಣಿತ ಯಾರ ಪರವೂ ಇರೋದಿಲ್ಲಪ್ಪ."

ಇಬ್ಬರೂ ಮಾಳಿಗೆ ಹತ್ತಿದೆವು. ಹಪ್ಪಳಕ್ಕೆ ಹೊದಿಸುವಂತೆ ಅವ್ವ ಮಷಿನ್‌ಗೆ ಹಳೆಯ ಸೀರೆ ಹೊದಿಸಿದ್ದಳು.

"ಮತ್ತ? ಮುಚ್ಚದಿದ್ರ ಧೂಳು ಬೀಳತೈತಲ್ಲೋ! ಪಾಪ, ಮಂದಿ ಸಾಮಾನು," ಎಂದಳು, ನಮ್ಮ ಹಿಂದೆಯೇ ಹತ್ತಿ ಬಂದ ಅವ್ವ.

ಮೇಡಂ ಸೀರೆ ಕೊಡವಿದರು. ಅವರಿಗೂ ಕೆಮ್ಮು ಬಂತು.

ಲೆಕ್ಕ ಇನ್ನು ಮೊದಲಿನಿಂದಂತೆ. ಅದು ಕೊನೆಗೆ ಯಾರ ಕೈ ಸೇರುತ್ತದೋ, ನನಗೆ ಈಗಲೂ ಅನುಮಾನ. ನಾಳೆ ಕಾರ್ಖಾನೆಯ ಕೆಲಸ ಬಿಟ್ಟು, ಧೂಳಿಲ್ಲದ ಕೆಲಸ ಹುಡುಕಲು ಕುಷ್ಟಗಿಗೆ ಹೊರಡುತ್ತೇನೆ.