ಚೂರಿಯ ಗುರುತು

ಪಾಲೋ ಆಲ್ಟೋದ ಒಂದು ವರ್ಕ್‌ಶಾಪಿನಲ್ಲಿ, ಹಳೆಯ ಲೋಹದ ವಸ್ತುಗಳು ಹಾಳಾಗದಂತೆ ಜೋಪಾನ ಮಾಡುವುದು ನನ್ನ ಕೆಲಸ. ಯೂನಿಯನ್ ಸಿಟಿಯ ಒಬ್ಬರು ಮಣ್ಣಿನಡಿ ಸಿಕ್ಕಿದ್ದ, ಡೆನ್ಮಾರ್ಕಿನ ಸಾವಿರ ವರ್ಷ ಹಳೆಯ ಬೆಳ್ಳಿ ನಾಣ್ಯ ತಂದರು. ನನ್ನ ಹೆಸರು ನೋಡಿ ಕನ್ನಡದಲ್ಲೇ ಶುರು ಮಾಡಿದರು.

"ಮೇಡಂ, ಇದರ ಮೇಲೆಲ್ಲ ಕಚ್ಚು ಬಿದ್ದಿದೆ. ಪಾಲಿಶ್ ಮಾಡಿ ತೆಗೆದುಬಿಡಿ. ಮಗಳ ಗ್ರಾಜುಯೇಷನ್‌ಗೆ ಪೆಂಡೆಂಟ್ ಮಾಡಿಸ್ಬೇಕು."

ಸಿಟ್ಟು ನುಂಗಿಕೊಂಡೆ. ಆ ಕಾಲದ ವ್ಯಾಪಾರಿಗಳು ನಾಣ್ಯ ಕೈಗೆ ಬಂದಾಗ ಒಳಗೂ ಬೆಳ್ಳಿಯೇ ಇದೆಯಾ ಎಂದು ಚೂರಿಯ ಮೊನೆಯಿಂದ ಚುಚ್ಚಿ ನೋಡುತ್ತಿದ್ದರು. ಅದು ಕೈಯಿಂದ ಕೈಗೆ ಓಡಾಡಿದ್ದಕ್ಕೆ ಉಳಿದಿರುವ ಸಾಕ್ಷಿ ಆ ಕಚ್ಚುಗಳೇ. ಲೆನ್ಸಿನಡಿ ಒಂದೊಂದನ್ನೂ ತೋರಿಸಿ ವಿವರಿಸಿದೆ.

"ಸೂಪರ್! ಗೊತ್ತೇ ಇರ್ಲಿಲ್ಲ" ಎಂದು ನಾಣ್ಯ ತೆಗೆದುಕೊಂಡು ಹೋದರು.

ಮುಂದಿನ ವಾರ ಅದೇ ನಾಣ್ಯ ಹೊಸ ಚಮಚದಂತೆ ಹೊಳೆಯುತ್ತ ವಾಪಸ್ ಬಂತು. ಬೇರೆಲ್ಲೋ ಉಜ್ಜಿಸಿ, ಸರ ಪೋಣಿಸಲು ತೂತು ಕೊರೆಸಿದ್ದರು. ಒಂದು ಕಚ್ಚೂ ಉಳಿದಿರಲಿಲ್ಲ. ರಾಜನ ಮುಖವೂ ಅರ್ಧ ಸವೆದಿತ್ತು.

"ಆ ಚೂರಿ ಕಥೆ ಹೇಳಿದ್ರಲ್ಲ, ಅದನ್ನ ಒಂದು ಸರ್ಟಿಫಿಕೇಟಲ್ಲಿ ಬರ್ಕೊಡಿ. ಮಗಳಿಗೆ ಇಷ್ಟ ಆಗುತ್ತೆ."

"ಏನನ್ನ ನೋಡಿ ಬರೀಲಿ ಸಾರ್? ಎಲ್ಲಾ ಅಳಿಸಿ ಹಾಕಿದ್ದೀರಲ್ಲ!" ನಾನು ಕೂಗಿದ್ದಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು. "ಮಣ್ಣಲ್ಲಿ ಹೂತಿದ್ದಾಗಲೂ ಹೋಗದೇ ಇದ್ದದ್ದು ನಿಮ್ಮ ಕೈಯಲ್ಲಿ ಒಂದೇ ವಾರಕ್ಕೆ ಹೋಯ್ತು."

"ಯಾಕೆ ಮೇಡಂ ಬೇಜಾರು? ಕಥೆ ಹಾಗೇ ಇದೆಯಲ್ಲ!"

ಹಾಳೆಯ ಮೇಲೆ 'ಬೆಳ್ಳಿ' ಎಂದಷ್ಟೇ ಬರೆದು ಸಹಿ ಹಾಕಿ ಮುಂದೆ ತಳ್ಳಿದೆ.

ಆ ಹಾಳೆಗೆ ಫ್ರೇಮು ಹಾಕಿಸಿದ್ದಾರಂತೆ.