ಸುಕೆರ್ತಿಯ ಹೆಸರಿನಲ್ಲಿದ್ದ ನೆಲ

ಗ್ರಾಮ ಕಚೇರಿಯ ಗುಮಾಸ್ತ ಪುತು ಮೆರ್ತಾ ಗೋಡೆಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದ. ಪಕ್ಕದಲ್ಲಿ ಸುಕೆರ್ತಿ ನೀರಿನ ಚೊಂಬು ಹಿಡಿದು ನಿಂತಿದ್ದಳು. ಅಂಟು ಗಟ್ಟಿಯಾಗಿತ್ತು. ‘ಬಡ ಕುಟುಂಬ’ ಎಂದು ಬರೆದ ಆ ಚೀಟಿ ಐದು ವರ್ಷದಿಂದ ಬಾಗಿಲ ಪಕ್ಕದಲ್ಲೇ ಇತ್ತು. ಅಂಟಿಸಿದ ದಿನ ಅವಳು ನಾಚಿಕೆಯಿಂದ ಒಳಗೆ ಹೋಗಿ ಕೂತಿದ್ದಳು. ಕೀಳುವ ದಿನ ತಾನೇ ನೀರು ಚಿಮುಕಿಸಿ ಒದ್ದೆ ಮಾಡಿಕೊಟ್ಟಳು.

“ಈಜುಕೊಳ ಇರೋ ಬಡವರನ್ನ ನಾನು ನೋಡಿದ್ದು ಇದೇ ಮೊದಲು, ಎಂಬೊಕ್,” ಅಂದ ಪುತು. ಊರಿನ ಹುಡುಗರೆಲ್ಲ ಅವಳನ್ನು ಹಾಗೆಯೇ, ಅಕ್ಕ ಎಂದೇ ಕರೆಯುತ್ತಿದ್ದರು. ಮಾತಿನಲ್ಲಿ ಕೆಡುಕೇನೂ ಇರಲಿಲ್ಲ.

ಈ ವರ್ಷ ಜಿಲ್ಲೆಯವರು ಬಡವರ ಪಟ್ಟಿಯನ್ನೂ ನೆಲದ ದಾಖಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರು. ಕಡಲಂಚಿನಲ್ಲಿ ಎಂಟು ಗುಂಟೆ ಜಾಗ, ಅದರ ಮೇಲೆ ಎರಡು ಕೋಣೆಯ ಬಂಗಲೆ, ಈಜುಕೊಳ, ಒಡತಿ ನೆಂಗಾ ಸುಕೆರ್ತಿ, ವಿಧವೆ. ದಾಖಲೆಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

“ಅದು ನಂದಲ್ಲ ಕಣೋ.”

“ಮತ್ತೆ ಯಾರದ್ದು?”

ಅವಳು ಗೋಡೆಗೆ ಇನ್ನಷ್ಟು ನೀರು ಚಿಮುಕಿಸಿದಳು. ಯಾರದ್ದೆಂದು ಪುತುವಿಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಪರದೇಶದವರ ಹೆಸರಿಗೆ ಬಾಲಿಯ ನೆಲ ಬರುವುದಿಲ್ಲ. ಹಾಗಾಗಿ ಕಡಲಂಚಿನ ಎಷ್ಟೋ ಬಂಗಲೆಗಳು ಅವನ್ನು ಗುಡಿಸುವವರ ಹೆಸರಿನಲ್ಲೇ ಇವೆ. ಬಾಯಲ್ಲಿ ಹೇಳಿಕೊಂಡು ನಗಬಹುದು. ಕಾಗದದ ಮೇಲೆ ಬರೆದರೆ ಮಾತ್ರ ನೆಲ ಸರ್ಕಾರಕ್ಕೆ ಹೋಗುತ್ತದೆ, ಹೆಸರು ಕೊಟ್ಟವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

“ಯಾರದ್ದು ಅಂತ ಬರೆದು ಸಹಿ ಹಾಕಿ ಕೊಡಿ, ಚೀಟಿನ ನಾನೇ ತಿರುಗಿ ಅಂಟಿಸ್ತೀನಿ,” ಎಂದ ಪುತು, ಅವಳ ಮುಖ ನೋಡದೆ.

ಪಟ್ಟಿಯಿಂದ ಹೆಸರು ಹೋದರೆ ತಿಂಗಳ ಅಕ್ಕಿ ಹೋಗುತ್ತದೆ. ಅದಕ್ಕೆ ಅವಳು ಹೆದರಲಿಲ್ಲ. ಒಬ್ಬಳೇ ಮಗಳು ಆರ್ಸಿನಿಗೆ ಸಿಂಗರಾಜ ಪಟ್ಟಣದಲ್ಲಿ ಹೆರಿಗೆ ಶುಶ್ರೂಷೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಪಟ್ಟಿಯಲ್ಲಿದ್ದ ಮನೆಯ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲ. ಇಲ್ಲದವರು ಕಟ್ಟುವ ಮೊತ್ತವನ್ನು ಅವಳು ಒಮ್ಮೆ ಕೇಳಿದ್ದಳು, ಎರಡನೆಯ ಸಲ ಕೇಳಲಿಲ್ಲ.

ಹನ್ನೊಂದು ವರ್ಷದ ಹಿಂದೆ ಸುಕೆರ್ತಿ ಮೀನಿನ ಊಟದಂಗಡಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆಸ್ಟ್ರೇಲಿಯಾದ ರಸೆಲ್ ದಿನವೂ ಅಲ್ಲಿಗೆ ಬರುತ್ತಿದ್ದ. ಟ್ರಾಮ್ ಓಡಿಸಿ ನಿವೃತ್ತನಾದವನು, ಹೆಂಡತಿ ಸತ್ತಮೇಲೆ ಅಲ್ಲಿನ ಮನೆ ಮಾರಿ ಬಂದವನು. ಒಂದು ದಿನ ಅವಳ ಹೆಸರನ್ನು ಕೇಳಿದ. ಬರೀ ಹೆಸರು, ಇಬು, ಬೇರೇನೂ ಬೇಡ, ಕೆಲಸವೂ ಕೊಡುತ್ತೇನೆ ಎಂದ; ಅಲ್ಲಿನವರಂತೆ ಅವನೂ ಹೆಂಗಸರನ್ನು ಇಬು, ಅಮ್ಮ, ಎಂದೇ ಕರೆಯುತ್ತಿದ್ದ. ನೋಟರಿಯ ತಂಪು ಕೋಣೆಯಲ್ಲಿ ನಾಲ್ಕು ಕಾಗದಗಳಿಗೆ ಅವಳು ಸಹಿ ಮಾಡಿದಳು. ನೆಲ ಕೊಳ್ಳಲು ರಸೆಲ್‌ನಿಂದ ಸಾಲ ಪಡೆದಿದ್ದಾಳೆ, ನೆಲವನ್ನು ಅವನಿಗೇ ಬಾಡಿಗೆಗೆ ಕೊಟ್ಟಿದ್ದಾಳೆ, ಅವನು ಹೇಳಿದಾಗ ಮಾರುತ್ತಾಳೆ, ಎಂದೂ ತನ್ನದೆನ್ನುವುದಿಲ್ಲ ಎಂದು ಅವುಗಳಲ್ಲಿತ್ತು. ಅದ್ಯಾವುದೂ ಅವಳಿಗೆ ಭಾರವೆನಿಸಲಿಲ್ಲ. ಕಾಗದ ಪಟ್ಟಣದ್ದು, ಪಟ್ಟಣದಲ್ಲೇ ಇರುತ್ತದೆ ಎಂದುಕೊಂಡಳು.

ಭಾರವಾದದ್ದು ಆಮೇಲೆ. ಮನೆ ಕಟ್ಟುವ ಮೊದಲು ನೆಲಕ್ಕೆ ಎಡೆ ಇಡಬೇಕು. ಮೂಲೆಯಲ್ಲಿ ನೆಲದ ಕಾವಲುದೇವರಿಗೆ ಕಲ್ಲಿನ ಗುಡಿ ಕಟ್ಟಬೇಕು. ನೆಲ ಯಾರದೆಂದು ಪೂಜಾರಿ ಕೇಳಿದ. ಹಾಡಿಯ, ಅಂದರೆ ಅವಳ ಕೇರಿಯ, ಜನರೆಲ್ಲ ಚಾಪೆಯ ಮೇಲೆ ಕೂತಿದ್ದರು, ರಸೆಲ್ ಹೊಸ ಪಂಚೆಯಲ್ಲಿ ಬೆವರುತ್ತಿದ್ದ. ಸುಕೆರ್ತಿ ಗಂಟೆಯ ಸದ್ದಿನ ನಡುವೆ ತನ್ನ ಹೆಸರು ಹೇಳಿದಳು. ಇಂಥ ಕಡೆ ಸುಳ್ಳು ಹೇಳುವವರಿಲ್ಲ. ಅಂದಿನಿಂದ ಹಾಡಿಯ ಲೆಕ್ಕದಲ್ಲಿ ಆ ಜಾಗ ಅವಳದೇ ಆಯಿತು. ದೇವಸ್ಥಾನದ ಕೆಲಸಕ್ಕೆ ಮನೆಗೊಬ್ಬರೆಂದು ಕರೆದರೆ ಅವಳಿಗೆ ಎರಡು ಆಳಿನ ಪಾಲು. ಒಮ್ಮೆ ತನ್ನ ಮನೆಗಾಗಿ ಬಿದಿರು ಸೀಳಿ, ಮತ್ತೆ ಬಂಗಲೆಯ ಪಾಲಿಗೆ ತೆಂಗಿನ ಗರಿ ಹೆಣೆಯುತ್ತ ಕೂರುತ್ತಿದ್ದಳು. ಗಂಡ ಬದುಕಿದ್ದಾಗ ತಮಾಷೆ ಮಾಡುತ್ತಿದ್ದ, ಸಾಹುಕಾರ್ತಿಯನ್ನು ಕಟ್ಟಿಕೊಂಡು ನನ್ನ ಬೆನ್ನು ಮುರಿಯಿತು ಎಂದು. ಅವನು ಹೋದಮೇಲೆ ಎರಡೂ ಪಾಲು ಅವಳೊಬ್ಬಳ ಬೆನ್ನಿಗೆ ಬಂತು.

ಚೀಟಿ ಕಿತ್ತ ಮಧ್ಯಾಹ್ನವೇ ಅವಳು ರಸೆಲ್‌ನ ಮುಂದೆ ನಿಂತಳು. ನೆಲವನ್ನು ಬೇರೆ ಯಾರದಾದರೂ ಹೆಸರಿಗೆ ಮಾಡಿಸಿ ಎಂದು ಕೇಳಿದಳು. ಅವನು ಬಹಳ ಹೊತ್ತು ಮಂಡಿ ಉಜ್ಜಿಕೊಂಡ. ಹೆಸರು ಬದಲಿಸಲು ಕಟ್ಟುವ ತೆರಿಗೆಯಷ್ಟು ದುಡ್ಡು ಇಲ್ಲವೆಂದ. ಎರಡು ವರ್ಷದಿಂದ ಮಾರಾಟದ ಫಲಕ ಹಾಕಿದ್ದೇನೆ, ಗೇಟಿನ ತನಕ ಬಂದವರೂ ಇಲ್ಲ, ಊರಿಗೆ ಹೋಗಲು ಊರಿನಲ್ಲಿ ನನ್ನದೆಂಬ ಗೋಡೆಯೂ ಇಲ್ಲ ಎಂದ. ಎಪ್ಪತ್ನಾಲ್ಕರ ಮನುಷ್ಯ ಮೆಲ್ಲನೆ ಮಾತಾಡುತ್ತಿದ್ದ. ಅವನು ಸುಳ್ಳಾಡುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಂಗಲೆಯ ಅಕ್ಕಿ ಡಬ್ಬಿ ಎಷ್ಟು ದಿನಕ್ಕೆ ತುಂಬುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಅವನೇ ಅಂದ, ಮಗಳ ಶುಲ್ಕ ನಾನು ಕಟ್ಟುತ್ತೇನೆ, ಮೂರು ವರ್ಷವೂ, ಹೇಗಾದರೂ ಹೊಂದಿಸುತ್ತೇನೆ. ಅವಳ ಕಣ್ಣು ತುಂಬಿತು. ಆ ಸಂಜೆ ಆರ್ಸಿನಿ ಅಮ್ಮನಿಗೂ ತನಗೂ ಕಾಫಿ ಮಾಡಿದಳು, ಸಕ್ಕರೆ ಜಾಸ್ತಿ ಹಾಕಿ.

ಮೂರು ದಿನಕ್ಕೆ ನೋಟರಿಯಿಂದ ಕರೆ ಬಂತು. ಮಗಳನ್ನೂ ಕರೆತನ್ನಿ, ಗುರುತಿನ ಚೀಟಿ ಇರಲಿ ಎಂದರು.

ನೋಟರಿ ನಯವಾಗಿ ಮಾತಾಡುವ ಹೆಂಗಸು. ಮೇಜಿನ ಮೇಲೆ ಅವೇ ನಾಲ್ಕು ಕಾಗದಗಳು, ಹೊಸದಾಗಿ ಅಚ್ಚಾಗಿದ್ದವು. ಹುಡುಗಿಗೆ ಹದಿನೆಂಟು ತುಂಬಿದೆ, ಎಂದಳು. ನಮ್ಮ ಪದ್ಧತಿಯಲ್ಲಿ ಹೆಣ್ಣುಮಕ್ಕಳಿಗೆ ನೆಲ ಬರುವುದಿಲ್ಲ ನಿಜ, ಸರ್ಕಾರದ ಕಾಗದಕ್ಕೆ ಮಾತ್ರ ನಿಮ್ಮ ನಂತರ ಅವಳೇ ಒಡತಿ. ಆದ್ದರಿಂದ ಅವಳೂ ಒಪ್ಪಿ ಸಹಿ ಮಾಡಿದರೆ ಮಿಸ್ಟರ್ ರಸೆಲ್‌ಗೆ ನೆಮ್ಮದಿ. ಸಹಿಯಾದ ದಿನವೇ ಶುಲ್ಕ ಕಟ್ಟುವ ಮಾತನ್ನೂ ಇದರಲ್ಲೇ ಸೇರಿಸಿದ್ದೇವೆ.

ರಸೆಲ್ ಕಿಟಕಿಯ ಕಡೆ ತಿರುಗಿ ಕೂತಿದ್ದ. “ವಕೀಲರು ಹೇಳಿದ್ದು, ಇಬು,” ಎಂದ. “ನಂಗೆ ಮಾತ್ರ... ವಯಸ್ಸಾಯ್ತು. ನೀವು ಮೊದಲು ಹೋದ್ರೆ ನಾನೆಲ್ಲಿಗೆ ಹೋಗ್ಲಿ?”

ಆರ್ಸಿನಿ ಪೆನ್ನು ಎತ್ತಿಕೊಂಡಾಗಿತ್ತು. “ಎಲ್ಲಿ ಹಾಕ್ಬೇಕು?” ಎಂದು ಕೇಳಿದಳು.

ಸುಕೆರ್ತಿ ಮಗಳ ಕೈ ನೋಡಿದಳು. ಈ ಹುಡುಗಿ ನಾಳೆ ಮದುವೆಯಾಗಿ ಇನ್ನೊಂದು ಹಾಡಿಗೆ ಹೋಗುತ್ತಾಳೆ. ಅಲ್ಲಿಯೂ ಇವಳನ್ನು ಬಂಗಲೆಯ ಒಡತಿ ಎನ್ನುತ್ತಾರೆ, ಎರಡು ಆಳಿನ ಕೆಲಸಕ್ಕೆ ಇಲ್ಲಿಗೆ ಕರೆಯುತ್ತಾರೆ. ಇವಳ ಮಕ್ಕಳಿಗೆ ಹದಿನೆಂಟಾದಾಗ ಮತ್ತೆ ಫೋನು ಬರುತ್ತದೆ. ಅವಳು ಮಗಳ ಬೆರಳುಗಳಿಂದ ಪೆನ್ನು ಬಿಡಿಸಿ ಮೇಜಿನ ಮೇಲಿಟ್ಟಳು.

“ನನ್ನ ಹೆಸರೊಂದು ಸಾಕು,” ಅಂದಳು.

“ಮೇಮೆ, ಶುಲ್ಕಕ್ಕೆ ನಾಡಿದ್ದು ಕೊನೇ ದಿನ.” ಆರ್ಸಿನಿಯ ದನಿ ಸಣ್ಣಗಾಯಿತು. “ನಂಗೇನೂ ಆಗಲ್ಲಮ್ಮ. ಬರೀ ಸಹಿ ತಾನೆ.”

“ನಾನೂ ಹಾಗೇ ಅಂದ್ಕೊಂಡಿದ್ದೆ.”

ನೋಟರಿ ಯೋಚಿಸಿ ನೋಡಿ ಎಂದಳು. ದಾರಿಯುದ್ದಕ್ಕೂ ಆರ್ಸಿನಿ ಸ್ಕೂಟರಿನ ಹಿಂದೆ ಅಮ್ಮನ ಸೊಂಟ ಹಿಡಿಯದೆ, ಸೀಟಿನ ಕಂಬಿ ಹಿಡಿದು ಕೂತಿದ್ದಳು. ಮನೆ ಬಂದಾಗ ಇಳಿದು, “ನೀನು ಅವರನ್ನ ಬಿಡಲ್ಲ, ನನ್ನನ್ನ ಬಿಟ್ಟೆ,” ಎಂದು ಒಳಗೆ ಹೋದಳು. ಸುಕೆರ್ತಿಗೆ ಅದು ತಿರುಗುಮುರುಗಾಗಿದೆ, ತಾನು ಮಗಳನ್ನು ಬಿಟ್ಟದ್ದಲ್ಲ, ಬಿಡಿಸಿದ್ದು ಅನ್ನಿಸಿತು.

ಕೊನೆಯ ದಿನ ಕಳೆಯಿತು. ಸೀಟು ಬೇರೆ ಹುಡುಗಿಗೆ ಹೋಯಿತು. ಆರ್ಸಿನಿ ಪಟ್ಟಣದ ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿಗೆ ಸೇರಿದಳು, ಮುಂದಿನ ವರ್ಷಕ್ಕೆಂದು. ಅಮ್ಮನ ಜೊತೆ ಬೇಕಾದಷ್ಟೇ ಮಾತಾಡಿದಳು.

ಅದೇ ವಾರ ಬೆಳಿಗ್ಗೆ ಸುಕೆರ್ತಿ ಬಂಗಲೆಯ ಅಡಿಗೆಮನೆಯಲ್ಲಿ ಪಪ್ಪಾಯಿ ಕೊಯ್ಯುತ್ತಿದ್ದಳು. ರಸೆಲ್ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. ಏನೋ ಹೇಳಬೇಕೆಂದಿದ್ದವನು, ಅದನ್ನು ಬಿಟ್ಟು, ನಾಳೆಯೂ ಬರುತ್ತೀರಲ್ಲವೇ ಎಂದು ಕೇಳಿದ.

“ಬರದೆ ಎಲ್ಲಿಗೆ ಹೋಗ್ಲಿ ಮಿಸ್ಟರ್,” ಎಂದಳು ಅವಳು ಬೀಜ ತೆಗೆಯುತ್ತ. “ನಂದೇ ಜಾಗ ಅಲ್ವಾ.”

ಅವನು ನಗಲು ನೋಡಿದ, ಆಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ಅವಳು ತಟ್ಟೆಯನ್ನು ಅವನ ಮುಂದೆ ಸರಿಸಿ, ಚಾಕು ತೊಳೆಯಲು ನಲ್ಲಿ ತಿರುಗಿಸಿದಳು.